ಬ್ಯಾಟರಿ ಕಾರಿನ ಬ್ರೇಕು ನೋಡಿದ ಮೇಸ್ತ್ರಿ

ಹಿತ್ತಲಲ್ಲಿ ಕೂತು ಹುರುಳಿಕಾಳು ಕೇರುತ್ತಿದ್ದೆ. ಪಕ್ಕದ ಮನೆಯವಳು ಗೋಡೆಯಾಚೆಯಿಂದಲೇ, ಬಿಡದಿ ರಸ್ತೆಯ ಬ್ರೇಕ್ ಮೇಸ್ತ್ರಿ ಹೋಗಿಬಿಟ್ಟರಂತೆ ಎಂದಳು. ಜಾಕು ಜಾರಿ ಲಾರಿ ಎದೆಯ ಮೇಲೆ ಕೂತಿತಂತೆ, ನರಳಲೂ ಇಲ್ಲವಂತೆ. ಅಷ್ಟಾದರೂ ದೇವರು ದಯೆ ತೋರಿದ ಎಂದುಕೊಂಡೆ. ಕಣ್ಣ ಮುಂದೆ ಬಂದದ್ದು ಅವರ ಬಲಗಿವಿ. ಕೆಳಗಿನ ಅರ್ಧ ಇರಲಿಲ್ಲ, ಉಳಿದದ್ದರ ಅಂಚಿಗೆ ಹೊಲಿಗೆಯ ಗೆರೆ ದಪ್ಪಗೆ ಎದ್ದಿತ್ತು. ಆ ಅರ್ಧ ಕಿವಿ ಹೋದದ್ದು ನಮ್ಮ ಯಜಮಾನರನ್ನು ಉಳಿಸಲು ಹೋಗಿ.

ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಮೇಲೆ ಮೇಸ್ತ್ರಿ ರಸ್ತೆ ಬದಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಯಾವ ಗಾಡಿ ಬಂದರೂ ಚಪ್ಪಲಿ ಬಿಟ್ಟು, ಬರಿಗಾಲಲ್ಲೇ ಬ್ರೇಕು ಒತ್ತಿ ನೋಡುತ್ತಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದೆ ಎಂದರೆ ನಗುತ್ತಿದ್ದರು. "ದೀಪ ಚಾಡಿ ಹೇಳ್ತದೆ, ಸಾಕ್ಷಿ ಹೇಳಾಕಿಲ್ಲ" ಎನ್ನುವುದು ಅವರ ಮಾತು.

ನಮ್ಮವರು ಆಗ ಒಂದು ಕಾರ್ಖಾನೆಯಲ್ಲಿ ಡ್ರೈವರ್. ಸಾಹೇಬರುಗಳನ್ನು ಕರೆದೊಯ್ಯಲು ಒಂದು ಪುಟ್ಟ ಬ್ಯಾಟರಿ ಕಾರಿತ್ತು. ಅದರ ಬ್ರೇಕೇ ಬೇರೆ ಥರ. ಪೆಡಲು ಒತ್ತಿದರೆ ಚಕ್ರದ ಬ್ರೇಕಿನ ಜೊತೆಗೆ ಮೋಟಾರೂ ಗಾಡಿಯನ್ನು ಹಿಡಿದೆಳೆಯುತ್ತದೆ. ಎಷ್ಟು ಒತ್ತಿದ್ದಾರೆ ಎಂದು ಮೋಟಾರಿಗೆ ತಿಳಿಸಲು ಬ್ರೇಕ್ ಎಣ್ಣೆಯ ಕೊಳವೆಗೆ ಹೆಬ್ಬೆರಳಷ್ಟು ಗಾತ್ರದ ಒಂದು ಸೆನ್ಸರ್ ಇರುತ್ತದೆ. ವಾರದಿಂದ ಕೆಂಪು ದೀಪ ಬಂದು ಹೋಗಿ ಮಾಡುತ್ತಿದೆ ಎಂದು ಇವರು ಹೇಳಿದ್ದರು. ಮ್ಯಾನೇಜರು, ಓಡ್ತಾ ಇದೆಯಲ್ಲ ಓಡಿಸು ಎಂದಿದ್ದರಂತೆ.

ಒಂದು ಸಂಜೆ, ಪಾಳಿ ಬಿಟ್ಟ ಹೊತ್ತು, ಮೇಸ್ತ್ರಿಯ ಶೆಡ್ಡಿನ ಹತ್ತಿರದ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಮೋಟಾರು ಕೈಕೊಟ್ಟಿತು. ಬರಿಯ ಚಕ್ರದ ಬ್ರೇಕಿಗೆ ಗಾಡಿ ನಿಲ್ಲುವಷ್ಟರಲ್ಲಿ ಸೈಕಲ್ಲಿನ ಹುಡುಗನಿಗೆ ಬಡಿದಾಗಿತ್ತು. ಅವನ ತೊಡೆಯ ಮೂಳೆ ಚರ್ಮ ಸೀಳಿ ಆಚೆ ಬಂದಿತ್ತು. ಅದನ್ನು ಕಂಡ ಜನ ಇವರನ್ನು ಕೂದಲು ಹಿಡಿದು ಎಳೆದು ರಸ್ತೆಗೆ ಕೆಡವಿದರು. ಸೈಕಲ್ ಚೈನಿನಲ್ಲಿ ಹೊಡೆದರು, ಬಾಯಿಗೆ ಒದ್ದರು. ಎರಡು ಹಲ್ಲು ಅಲ್ಲೇ ಉದುರಿದವು. ದವಡೆ ಉಳಿಯಿತು, ಅದನ್ನೂ ನಾನು ದೇವರ ದಯೆಯ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. ಯಾರೋ ಕಲ್ಲು ಎತ್ತಿದಾಗ ಮೇಸ್ತ್ರಿ ಶೆಡ್ಡಿನಿಂದ ಓಡಿಬಂದು ಇವರ ಮೇಲೆ ಅಡ್ಡ ಬಿದ್ದರು. ಚೈನು ಅವರ ಅರ್ಧ ಕಿವಿಯನ್ನು ಕಿತ್ತುಕೊಂಡು ಹೋಯಿತು. ರಕ್ತ ಸುರಿಯುತ್ತಲೇ ಅವರು ಹೇಳಿದ್ದು ಆಮೇಲೆ ಊರೆಲ್ಲ ಆಡಿಕೊಂಡ ಮಾತಾಯಿತು.

"ಮೊದ್ಲು ಬ್ರೇಕು ಬಿಚ್ಚಿ ನೋಡಾಣ ಕಣ್ರಲಾ. ಇವನದೇ ತಪ್ಪಾದ್ರೆ ಆಮ್ಯಾಕೆ ನಾನೇ ಹಿಡ್ಕೊಡ್ತೀನಿ, ಹೊಡೀರಂತೆ."

ಮಾರನೆಯ ದಿನ ಡ್ರೈವರ್ ಕುಡಿದಿದ್ದ ಎಂದು ಮ್ಯಾನೇಜರು ಪೊಲೀಸರಿಗೆ ಬರೆದುಕೊಟ್ಟರು. ಅದೇ ನಿಜವೆಂದಾದರೆ ಇವರಿಗೆ ಜೈಲು, ನಮಗೆ ಬೀದಿ. ಠಾಣೆಯಲ್ಲಿ ಕೂರಿಸಿದ್ದ ಇವರಿಗೆ ನಾನು ಊಟದ ಕ್ಯಾರಿಯರ್ ಹಿಡಿದು ಹೋದಾಗ, ತಲೆಗೆ ಬಟ್ಟೆ ಸುತ್ತಿದ್ದ ಮೇಸ್ತ್ರಿ ಅಲ್ಲಿ ನಿಲ್ಲಿಸಿದ್ದ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬ್ರೇಕಿನ ಕೊಳವೆಗೆ ಒತ್ತಡ ತೋರಿಸುವ ಮುಳ್ಳಿನ ಗೇಜು ಸೇರಿಸಿ, ಸೆನ್ಸರಿನ ವೈರಿಗೆ ಮೀಟರು ಹಿಡಿದಿದ್ದರು. ಇನ್ಸ್‌ಪೆಕ್ಟರೂ ಮ್ಯಾನೇಜರೂ ಅಲ್ಲೇ ನಿಂತು ನೋಡುತ್ತಿದ್ದರು. ಹುಡುಗನ ಅಣ್ಣ ನಮ್ಮವರ ಮುಖಕ್ಕೆ ಉಗಿದು, ಆಟ ಆಡ್ತಿದ್ದೀಯಾ ಮುದ್ಕ ಎಂದು ಮೇಸ್ತ್ರಿಯ ಮೇಲೂ ಎಗರಿದ.

"ನೀನೇ ಬಂದು ಒತ್ತಪ್ಪ. ನಿನ್ ತಮ್ಮನ ಕಾಲಾಣೆ, ಗಟ್ಟಿಯಾಗಿ ಒತ್ತು."

ಅವನು ಒತ್ತಿದ. ಗೇಜಿನ ಮುಳ್ಳು ಏರಿತು. ಮೀಟರಿನ ಅಂಕಿ ಇದ್ದಲ್ಲೇ ಇತ್ತು. ಮೇಸ್ತ್ರಿ ವೈರನ್ನು ಒಸಿ ಅಲ್ಲಾಡಿಸಿದರು, ಅಂಕಿ ಹಾರಿತು, ಬಿಟ್ಟರೆ ಮತ್ತೆ ಬಿತ್ತು. ಕಾಲು ಒತ್ತಿದ್ದು ನಿಜ, ಮೋಟಾರಿಗೆ ಅದು ತಿಳಿಯಲೇ ಇಲ್ಲ ಎಂದು ಇನ್ಸ್‌ಪೆಕ್ಟರಿಗೆ ವಿವರಿಸಿದರು. ಇವರು ದೀಪದ ವಿಷಯ ಹೇಳಿದ್ದರೂ ಮ್ಯಾನೇಜರು ಓಡಿಸು ಎಂದದ್ದು ಹೊರಬಿತ್ತು. ಆ ಅಣ್ಣ ಕಾರಿನಿಂದಿಳಿದು ನೆಟ್ಟಗೆ ಹೋಗಿ ಮ್ಯಾನೇಜರಿನ ಕೆನ್ನೆಗೆ ಬಾರಿಸಿದ. ಕನ್ನಡಕ ಒಡೆದು ಹುಬ್ಬಿನಿಂದ ರಕ್ತ ಇಳಿಯಿತು.

ಎಲ್ಲರೂ ಅತ್ತ ನುಗ್ಗಿದಾಗ ಮೇಸ್ತ್ರಿ ಸೆನ್ಸರಿಗೆ ವೈರು ಕೂಡುವ ಪಿನ್ನು ಕಿತ್ತರು. ನಾನು ಪಕ್ಕದಲ್ಲೇ ಇದ್ದೆ. ಒಳಗೆ ಹಸಿರು ಕಿಲುಬು, ಅಂಚಿನಲ್ಲಿ ಕೆಂಪು. ಕುಂಕುಮ.

ಅಪಘಾತಕ್ಕೆ ಮುಂಚಿನ ಆಯುಧಪೂಜೆಗೆ ಇವರು ಆ ಕಾರನ್ನು ಮನೆಗೆ ತಂದಿದ್ದರು. ದೃಷ್ಟಿ ತೆಗೆದ ಆರತಿ ನೀರನ್ನು ಚಕ್ರಕ್ಕೆ ಸುರಿಯುವುದು ವಾಡಿಕೆ. ಕೆಟ್ಟ ಕಣ್ಣು ಒಳಗೂ ತಾಕದಿರಲಿ ಎಂದು, ಇವರು ಅತ್ತ ಹೋದಾಗ, ಅರಿಶಿನ ಸುಣ್ಣ ಕುಂಕುಮದ ಆ ನೀರನ್ನು ತೆರೆದಿದ್ದ ಬಾನೆಟ್ಟಿನೊಳಗೆ ಧಾರಾಳವಾಗಿ ಎರೆದಿದ್ದೆ.

ಮೇಸ್ತ್ರಿ ನನ್ನ ಮುಖ ನೋಡಿದರು. ಹೆಬ್ಬೆರಳಿನಿಂದ ಆ ಕೆಂಪನ್ನು ಒರೆಸಿ ಪಂಚೆಗೆ ಸವರಿಕೊಂಡರು. "ನೀರು ಇಳಿದು ಕಿಲುಬು ಹಿಡಿದೈತೆ ಸಾ" ಎಂದಷ್ಟೇ ಇನ್ಸ್‌ಪೆಕ್ಟರಿಗೆ ಹೇಳಿದರು.

ಇವರು ಬಿಡುಗಡೆಯಾದರು. ಹುಡುಗನ ಕಾಲಿಗೆ ರಾಡು ಹಾಕಿದರು, ನಡೆದಾಡಿದ. ಕಿವಿಯ ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೇಸ್ತ್ರಿಗೆ ನಾನು ಮಜ್ಜಿಗೆ ಕೊಟ್ಟು ಅಳುತ್ತ ನಿಂತಾಗ ಅವರು ಬೈಯಲಿಲ್ಲ.

"ಗಾಡಿಗೆ ಹೂವು ಸಾಕು ತಂಗ್ಯವ್ವ. ಅಭಿಷೇಕ ಏನಿದ್ರೂ ದ್ಯಾವ್ರ ಮನೇಲಿ ಮಾಡು. ಗಂಡಂಗೆ ಹೇಳೋದು ಬುಡೋದು ನಿನಗೆ ಬುಟ್ಟಿದ್ದು."

ನಾನು ಬಿಟ್ಟೆ. ನಾಲ್ಕು ವರ್ಷ. ಬೆಳಗಿನ ದೀಪ ಹಚ್ಚುವಾಗ ದಿನವೂ ಹೇಳುತ್ತೇನೆಂದುಕೊಂಡು ದಿನವೂ ಬಿಟ್ಟೆ. ಬಾಯಿ ತಪ್ಪಿಯೂ ಮೇಸ್ತ್ರಿ ಒಬ್ಬರೆದುರೂ ಆಡಲಿಲ್ಲ. ನನ್ನ ತಪ್ಪಿಗೆ ಸಾಕ್ಷಿಯಾಗಿದ್ದ ಒಂದೇ ಜೀವ ಈಗ ಲಾರಿಯಡಿ ಸಿಕ್ಕಿ ಹೋಯಿತು. ಇನ್ನು ಯಾರಿಗೂ ತಿಳಿಯುವುದಿಲ್ಲ ಎಂಬ ನೆಮ್ಮದಿ ಒಂದು ಗಳಿಗೆ ಬಂತಲ್ಲ, ಅದಕ್ಕೇ ನನಗೆ ಅಸಹ್ಯವಾಯಿತು.

ಇವರು ಮೇಸ್ತ್ರಿಯ ಮಣ್ಣಿಗೆ ಹೊರಟು ಅಂಗಿ ಹಾಕಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಆರತಿ ನೀರು, ಕುಂಕುಮ, ಮೇಸ್ತ್ರಿ ಒರೆಸಿದ್ದು. ಇವರ ಕೈ ಗುಂಡಿಯ ಮೇಲೇ ನಿಂತಿತು. ಹೊಡೆಯುತ್ತಾರೆ ಎಂದುಕೊಂಡೆ. ನಾಲಿಗೆಯಿಂದ ಹಲ್ಲಿಲ್ಲದ ಸಂದನ್ನು ತಡವಿದರು.

"ಅವಯ್ಯ ಇದ್ದಾಗ್ಲೇ ಹೇಳಿದ್ರೆ ಒಂದ್ಸಲ ಕಾಲಿಗಾದ್ರೂ ಬೀಳ್ತಿದ್ದೆ ಕಣಮ್ಮಿ" ಎಂದರು.

ಹೊಸಿಲು ದಾಟಿದವರು ತಿರುಗಿ ನೋಡದೆಯೇ, ಬಂದ ಮೇಲೆ ಸ್ನಾನಕ್ಕೆ ಬೇಕು, ನೀರು ಕಾಯಿಸಿಡು ಎಂದರು. ನಾನು ಹಂಡೆ ತುಂಬಿ, ಒಲೆಗೆ ಸೌದೆ ಇಟ್ಟೆ.