ಅಣ್ಣನ ಪಟ್ಟಿ, ತಮ್ಮನ ನಕಲು

ನಮ್ಮ ಕಂಪ್ಯೂಟರ್ ಕೇಂದ್ರದಲ್ಲಿ ಯಾರಾದರೂ ತಪ್ಪು ಮಾಡಿದರೆ ‘ದಸ್ತಗೀರ್ ಆಯ್ತು’ ಎನ್ನುವ ರೂಢಿಯಿದೆ. ಪ್ರೋಗ್ರಾಮಿನ ತೂತು ಕೊರೆದ ಕಾರ್ಡುಗಳ ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ದಸ್ತಗೀರ್ ಆಯ್ತು. ಚಹಾಕ್ಕೆ ಎರಡು ಸಲ ಸಕ್ಕರೆ ಬಿದ್ದರೂ ದಸ್ತಗೀರ್ ಆಯ್ತು. ಹೊಸಬರು ಇದರ ಮೂಲ ಕೇಳಿದರೆ ಹಳಬರು ಹೇಳುವ ಕತೆ ಹೀಗೆ: ಹಿಂದೆ ಇಲ್ಲಿ ದಸ್ತಗೀರ್‌ಸಾಬ್ ಎಂಬ ಆಪರೇಟರ್, ಅಂದರೆ ಯಂತ್ರ ನಡೆಸುವವನು, ಇದ್ದ, ಒಂದು ಮಧ್ಯಾಹ್ನ ಮಾಹಿತಿಯ ತಪ್ಪು ಟೇಪು ಹಾಕಿಬಿಟ್ಟ, ಒಂದು ಕಾಲೇಜಿನ ಅಂಕಪಟ್ಟಿಯೊಳಗೆ ಯಾವುದೋ ಸೇತುವೆಯ ಲೆಕ್ಕ ನುಗ್ಗಿ, ಒಬ್ಬಳು ವಿದ್ಯಾರ್ಥಿನಿಗೆ ರಸಾಯನಶಾಸ್ತ್ರದಲ್ಲಿ ನೂರಕ್ಕೆ ನಾಲ್ಕು ಸಾವಿರದ ಚಿಲ್ಲರೆ ಅಂಕ ಬಂತು. ಇಲ್ಲಿಗೆ ಕೇಳುವವರು ನಗಬೇಕು. ನಗುತ್ತಾರೆ.

ಈ ಕತೆಯಲ್ಲಿ ಅಂಕದ ಭಾಗ ಸತ್ಯ. ಟೇಪಿನ ಭಾಗ ಸುಳ್ಳು. ನನಗೆ ಹೇಗೆ ಗೊತ್ತೆಂದರೆ, ತಪ್ಪು ಮಾಡಿದವನು ನಾನು.

ಇವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಮೂವರಿಗೆ ಇದೇ ಕತೆ ಬಡಿಸಲಾಗುತ್ತಿತ್ತು. ಪಕ್ಕದ ಮೇಜಿನಲ್ಲಿ ನಾನಿದ್ದೆ. ನನ್ನ ಮುಂದೆ ಅಂಚೆ ಕಚೇರಿಯಿಂದ ತಂದ ಜೋಡಿ ಕಾರ್ಡು ಇತ್ತು. ನೋಡಿರುತ್ತೀರಿ: ಎರಡು ಕಾರ್ಡು ಅಂಟಿಕೊಂಡಿರುತ್ತವೆ, ಒಂದರಲ್ಲಿ ನಾವು ಬರೆಯುವುದು, ಇನ್ನೊಂದನ್ನು ಹರಿದು ಅವರು ಜವಾಬು ಬರೆಯುವುದು. ಕಾಗದಕ್ಕೆ ಉತ್ತರ ಬರೆಯದ ನನ್ನ ಚಿಕ್ಕಪ್ಪನ ಸೋಮಾರಿತನಕ್ಕೆ ಮದ್ದೆಂದು ಕೊಂಡದ್ದು. ಆ ಖಾಲಿ ಅರ್ಧವನ್ನು ನೋಡುತ್ತ ಕೂತವನಿಗೆ ಪಕ್ಕದ ನಗು ಕೇಳಿಸಿತು. ಆ ಕಾರ್ಡು ಚಿಕ್ಕಪ್ಪನಿಗೆ ಹೋಗಲಿಲ್ಲ.

ದಸ್ತಗೀರ್‌ಸಾಬರು ಗದಗಿನ ಕಡೆಯವರು. ನನಗಿಂತ ಹತ್ತು ವರ್ಷ ಹಿರಿಯರು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಅಣ್ಣನ ಮನೆಯ ಅಟ್ಟದಲ್ಲಿ ಇರುತ್ತಿದ್ದರು. ಆದರೆ ಊರಿನಿಂದ ಅವರ ಕಾಗದಗಳು ಬರುತ್ತಿದ್ದದ್ದು ಘಾಟ್ಕೋಪರ್ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ವಿಳಾಸಕ್ಕೆ. ಮುಂಬಯಿಯಲ್ಲಿ ಇದೇನು ವಿಶೇಷವಲ್ಲ. ಖೋಲಿ, ಅಂದರೆ ಬಾಡಿಗೆ ಕೋಣೆ, ಬದಲಾಗುತ್ತದೆ, ಹೋಟೆಲು ಬದಲಾಗುವುದಿಲ್ಲ. ಯಾರು ಈಗ ಎಲ್ಲಿದ್ದಾರೆಂಬುದು ಹಣದ ಗಲ್ಲೆಯ ಮೇಲೆ ಕೂತ ಯಜಮಾನರ ತಲೆಯಲ್ಲಿರುತ್ತಿತ್ತು.

ನಮ್ಮ ಯಂತ್ರವೂ ಹೀಗೆಯೇ. ಪ್ರೋಗ್ರಾಮು ತನ್ನ ಮಾಹಿತಿಗೆ ಒಂದು ಕಾಯಂ ವಿಳಾಸ ಹೇಳುತ್ತದೆ. ಆ ಮಾಹಿತಿ ಮೆಮೊರಿಯಲ್ಲಿ ನಿಜಕ್ಕೂ ಇರುವ ಖೋಲಿ ಬೇರೆ, ಅದು ಬದಲಾಗುತ್ತಲೂ ಇರುತ್ತದೆ. ಈ ವಿಳಾಸಕ್ಕೆ ಈಗ ಈ ಖೋಲಿ ಎಂದು ಬರೆದ ದೊಡ್ಡ ಪಟ್ಟಿಯನ್ನು ಕರ್ನಲ್, ಅಂದರೆ ಯಂತ್ರದ ಯಜಮಾನಿಕೆ ಮಾಡುವ ಮೂಲ ಪ್ರೋಗ್ರಾಮು, ನೋಡಿಕೊಳ್ಳುತ್ತದೆ. ನಮ್ಮದರಲ್ಲಿ ಪ್ರೊಸೆಸರುಗಳು, ಅಂದರೆ ಲೆಕ್ಕ ಮಾಡುವ ಮಿದುಳುಗಳು, ಎರಡು. ನಾವು ಅವುಗಳನ್ನು ಅಣ್ಣ, ತಮ್ಮ ಎನ್ನುತ್ತಿದ್ದೆವು. ಪ್ರತಿ ಸಲವೂ ದೊಡ್ಡ ಪಟ್ಟಿ ತೆರೆದರೆ ಹೊತ್ತಾಗುತ್ತದೆಂದು ಅಣ್ಣ, ತಮ್ಮ ಇಬ್ಬರ ಕೈಯಲ್ಲೂ ಒಂದೊಂದು ಚಿಕ್ಕ ಪಟ್ಟಿ. ನಮ್ಮ ಮುಖ್ಯಸ್ಥ ಕಾಮತರು ಇದಕ್ಕೊಂದು ಸುಧಾರಣೆ ತಂದರು: ಅಣ್ಣ ಒಮ್ಮೆ ಹುಡುಕಿದ್ದನ್ನು ತಮ್ಮ ಮತ್ತೆ ಹುಡುಕುವುದು ಬೇಡ, ಅಣ್ಣನ ಚಿಕ್ಕ ಪಟ್ಟಿಯಿಂದ ನಕಲು ಮಾಡಿಕೊಳ್ಳಲಿ. ಇಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ಅಳಿಸುವುದರಲ್ಲಿ. ಅಣ್ಣ ಒಂದು ಖೋಲಿ ತೆರವು ಮಾಡಿ ಬೇರೆಯವರಿಗೆ ಕೊಟ್ಟ ಎನ್ನಿ. ತಮ್ಮನ ಕೈಯಲ್ಲಿರುವ ನಕಲು ಹಳತಾಯಿತು. ಅವನಿಗೆ ತಿಳಿಸಬೇಕು. ತಿಳಿಸಿ, ‘ಅಳಿಸಿದೆ’ ಎಂಬ ಜವಾಬು ಬರುವ ತನಕ ಅಣ್ಣ ಕಾಯಬೇಕೇ? ಚೀಟಿ ಇಟ್ಟು ಮುಂದೆ ಹೋದರೆ ಸಾಲದೇ?

ಕಾಯಬೇಕಿಲ್ಲ ಎಂಬ ಪಕ್ಷ ನನ್ನದು. ಅದೇನೂ ಆಳವಾದ ನಂಬಿಕೆಯಲ್ಲ. ಕಾಮತರು ವೇಗ ಬೇಕು ಎಂದಿದ್ದರು, ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಏಳು ಕಪ್ಪು ಗೆದ್ದವನು. ಪಕ್ಷ ಯಾವುದೆಂದು ಚೀಟಿ ಎತ್ತಿ, ಎರಡು ನಿಮಿಷದಲ್ಲಿ ಅದನ್ನೇ ಪ್ರಾಣವೆಂದು ವಾದಿಸುವುದು ನನಗೆ ಅಭ್ಯಾಸ. ದೇವರಿದ್ದಾನೆ ಎಂದು ಎರಡು ಸಲ ಗೆದ್ದಿದ್ದೇನೆ, ಇಲ್ಲ ಎಂದು ಮೂರು ಸಲ.

ಈ ತಕರಾರು ಎದ್ದ ಸಂಜೆ ಆ ಉಡುಪಿ ಹೋಟೆಲಿನಲ್ಲಿ ಕಾಮತರು, ದಸ್ತಗೀರ್‌ಸಾಬರು, ನಾನು ಮೂವರೂ ಇದ್ದೆವು. ಆಪರೇಟರನ ಅಭಿಪ್ರಾಯ ಕೇಳುವ ಪದ್ಧತಿ ಇರಲಿಲ್ಲ. ಆದರೂ ದಸ್ತಗೀರ್‌ಸಾಬರು ಬಟ್ಟಲಿನ ಕೆಳಗಿನ ಬಸಿಗೆ ಚಹಾ ಹೊಯ್ದುಕೊಳ್ಳುತ್ತ ಬಾಯಿ ಹಾಕಿದರು.

“ಸಾಹೇಬ್ರ, ಜವಾಬು ಬರೂತನಕಾ ನಿಂದರಬೇಕ್ರೀ. ನಮ್ಮಪ್ಪ ರೇಲ್ವೇದಾಗ ಹಳಿ ಬದಲ ಮಾಡೋ ಪಾಯಿಂಟ್ಸ್‌ಮನ್ ಇದ್ದ. ಒಂದ ಲೈನು. ಮುಂದಿನ ಸ್ಟೇಷನ್‌ದಿಂದ ‘ದಾರಿ ಖಾಲಿ ಐತಿ’ ಅಂತ ಲೈನ್ ಕ್ಲಿಯರ್ ಬರೂತನಕಾ ಗಾಡಿ ಬಿಡತಿದ್ದಿಲ್ಲ. ಗಾರ್ಡ್ ಬೈತಿದ್ದ, ಮಂದಿ ಬೈತಿದ್ರು. ಬೈಲಿ ಅಂತಿದ್ದ.”

“ಅದಕ್ಕೇ ಅಲ್ಲವೇ ದಸ್ತಗೀರ್‌ಸಾಬ್ರೇ, ನಿಮ್ಮ ಕಡೆ ರೈಲು ಯಾವಾಗಲೂ ಮರುದಿನ ಬರುವುದು?” ಎಂದೆ ನಾನು.

ಕಾಮತರು ನಕ್ಕರು. ಗಲ್ಲೆಯ ಯಜಮಾನರೂ ನಕ್ಕರು. ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಚರ್ಚೆಯಲ್ಲಿ ಸಭೆ ನಕ್ಕಿತೆಂದರೆ ಅರ್ಧ ಗೆದ್ದಂತೆ. ಉಳಿದರ್ಧಕ್ಕೆ ಹೇಳಿದೆ: “ಎದುರು ಬದುರು ಬಂದರೆ ಡಿಕ್ಕಿ ಹೊಡೆಯಲು ಇದು ರೈಲಲ್ಲ. ತಮ್ಮ ಚೀಟಿ ನೋಡುವಷ್ಟರಲ್ಲಿ ಏನು ಆದೀತು? ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ.”

“ಡಿಕ್ಕಿ ಹೊಡಿಯಾಕ ಎಷ್ಟು ಹೊತ್ತು ಬೇಕ್ರೀ?” ಎಂದರು ಅವರು. ಈ ಮಾತಿಗೆ ಯಾರೂ ನಗಲಿಲ್ಲ. ಹಾಗಾಗಿ ಅದು ಸೋತಿತು. ಜವಾಬಿಗೆ ಕಾಯದಂತೆಯೇ ನಾನು ಪ್ರೋಗ್ರಾಮು ಬರೆದೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ದಸ್ತಗೀರ್‌ಸಾಬರು ಆಪರೇಟರ್ ಆಗಿಯೇ ಉಳಿಯಲು ಬಂದವರಲ್ಲ. ಧಾರಾವಿಯ ಅಟ್ಟದಲ್ಲಿ ಹೊಲಿಗೆಯ ಸದ್ದಿನ ನಡುವೆ ಪುಸ್ತಕ ಓದಿ ಪ್ರೋಗ್ರಾಮಿಂಗ್ ಕಲಿತಿದ್ದರು. ಯುಗಾದಿಯ ಹೊತ್ತಿಗೆ ಪ್ರೋಗ್ರಾಮರ್ ಹುದ್ದೆ ಕೊಡಿಸುತ್ತೇನೆಂದು ಕಾಮತರು ಮಾತು ಕೊಟ್ಟಿದ್ದರು. ಅದು ಸಿಕ್ಕರೆ ಹೆಂಡತಿಯನ್ನು ಊರಿಂದ ಕರೆಸಿಕೊಳ್ಳುವವರಿದ್ದರು. ಕುರ್ಲಾದಲ್ಲಿ ಖೋಲಿಯನ್ನೂ ನೋಡಿಟ್ಟಿದ್ದರು.

ಅಂಕಪಟ್ಟಿಯ ಮಧ್ಯಾಹ್ನ ಬಂದದ್ದು ಇದಾದ ಎರಡು ತಿಂಗಳಿಗೆ. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಆಪರೇಟರನ ದಿನಚರಿಯಲ್ಲಿ ಆ ಹೊತ್ತಿಗೆ ಸರಿಯಾಗಿ ‘ಟೇಪು ಬದಲಿಸಿದೆ – ದಸ್ತಗೀರ್’ ಎಂದು ಅವರದೇ ದುಂಡಗಿನ ಅಕ್ಷರದಲ್ಲಿತ್ತು. ಪ್ರಾಮಾಣಿಕವಾಗಿ ಬರೆದಿಡುವವನಿಗೆ ಸಿಗುವ ಬಹುಮಾನ ಇದೇ. ಅವರು ಸರಿಯಾದ ಟೇಪನ್ನೇ ಹಾಕಿದ್ದೆಂದು ಹೇಳಿದರು. ಹಾಗೆಂದು ಯಾರು ಹೇಳುವುದಿಲ್ಲ? ಆಪರೇಟರನ ತಪ್ಪೆಂದು ಗಿರಾಕಿಗೆ ವರದಿ ಹೋಯಿತು. ಪ್ರೋಗ್ರಾಮರ್ ಹುದ್ದೆ ಪುಣೆಯ ಒಬ್ಬರಿಗೆ ಹೋಯಿತು.

ಮೂರು ವಾರದ ಮೇಲೆ ಟೇಪನ್ನೇ ಮುಟ್ಟದ ಒಂದು ಕೆಲಸದಲ್ಲಿ ನನ್ನ ಕಣ್ಣೆದುರೇ ಅದೇ ಎಡವಟ್ಟು ಮರುಕಳಿಸಿತು. ಎರಡು ದಿನ ಕೂತು ಹುಡುಕಿದೆ. ಅಣ್ಣ ಖೋಲಿ ತೆರವು ಮಾಡಿ, ಚೀಟಿ ಇಟ್ಟು, ಅಲ್ಲಿ ಬೇರೆ ಲೆಕ್ಕವನ್ನು ತಂದು ಕೂರಿಸಿದ್ದ. ತಮ್ಮ ಚೀಟಿ ನೋಡುವ ಮೊದಲೇ ಹಳೆಯ ನಕಲು ಹಿಡಿದು ಹೋಗಿ ಅದೇ ಖೋಲಿಯ ಬಾಗಿಲು ತೆರೆದಿದ್ದ. ಅಂಕಪಟ್ಟಿಯ ದಿನವೂ ಹೀಗೆಯೇ ಒಳಗೆ ಸಿಕ್ಕ ಸೇತುವೆಯ ಲೆಕ್ಕವನ್ನು ಅಂಕವೆಂದು ತಂದಿದ್ದ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಕಾಗಿರಲಿಲ್ಲ.

ಕಾಮತರ ಕೋಣೆಗೆ ಹೋಗಿ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು.

“ಸರಿ ಮಾಡಿದ್ಯಾ?”

“ಮಾಡಿದೆ ಸರ್. ಈಗ ಜವಾಬಿಗೆ ಕಾಯುತ್ತದೆ.”

“ಹಾಗಾದ್ರೆ ಮುಗೀತಲ್ಲ ಮಾರಾಯಾ. ವರದಿ ಹೋಗಿ ಆಗಿದೆ. ಮನುಷ್ಯ ತಪ್ಪಿದ ಅಂದ್ರೆ ಗಿರಾಕಿ ನಂಬ್ತಾನೆ. ಮೆಶೀನೇ ತಪ್ಪಿದೆ ಅಂತ ಹೇಳ್ಲಿಕ್ಕೆ ಹೋದ್ರೆ ನಾಳೆಯಿಂದ ನಮಗೆ ಕೆಲಸ ಉಂಟಾ?”

ಏಳು ಕಪ್ಪಿನವನಿಗೆ ಪ್ರತಿವಾದ ಹೊಳೆಯಲಿಲ್ಲ ಎಂದರೆ ನೀವು ನಂಬಬೇಡಿ. ಹೊಳೆದಿತ್ತು. ಮೆಶೀನು ತಪ್ಪಿಲ್ಲ ಸರ್, ನಾನು ತಪ್ಪಿದ್ದು. ನಾನೂ ಮನುಷ್ಯನೇ, ಗಿರಾಕಿ ನಂಬಿಯಾನು. ಅಷ್ಟು ಒಳ್ಳೆಯ ವಾಕ್ಯವನ್ನು ಬಾಯಲ್ಲಿಟ್ಟುಕೊಂಡೇ ನಾನು ಕೋಣೆಯಿಂದ ಹೊರಗೆ ಬಂದೆ. ತಿದ್ದುಪಡಿ ಪುಸ್ತಕದಲ್ಲಿ ‘ಸಣ್ಣ ಬದಲಾವಣೆ’ ಎಂದು ಬರೆದೆ.

ಮರುದಿನ ದಸ್ತಗೀರ್‌ಸಾಬರು ಯಂತ್ರದ ಮುಂದೆ ನಿಂತು ದೀಪಗಳನ್ನೇ ನೋಡುತ್ತಿದ್ದರು. ಆಗಾಗ ಅಣ್ಣನ ದೀಪವೊಂದು ಎಲ್ಲೋ ಒಂದು ಕ್ಷಣ ತಡೆದು, ಮತ್ತೆ ಓಡುತ್ತಿತ್ತು. ಪುಸ್ತಕ ನೋಡುವವರಿಗೆ ಕಾಣದ್ದು ದೀಪ ನೋಡುವವರಿಗೆ ಕಂಡಿತು.

“ಈಗ ಲೈನ್ ಕ್ಲಿಯರ್ ಕೇಳಾಕತ್ತೇತಲ್ರೀ ಸಾಹೇಬ್ರ,” ಎಂದರು.

“ಸಣ್ಣ ಬದಲಾವಣೆ,” ಎಂದೆ.

“ಹೌದ್ರೀ?” ಎಂದರು. ಅಷ್ಟೇ.

ಅಂದಿನಿಂದ ಪ್ರತಿ ಸಂಜೆ ಹೋಟೆಲಿನಲ್ಲಿ ನನ್ನ ಎದುರಿಗೆ ಕೂತು, ಬಸಿಗೆ ಚಹಾ ಹೊಯ್ದು, ಒಂದೇ ಮಾತು ಕೇಳುತ್ತಿದ್ದರು: “ಏನ್ರೀ ಸಾಹೇಬ್ರ, ಮತ್ತೇನು ಹೊಸಾ ಸುದ್ದಿ?” ನಾನು ಲೋಕಲ್ ರೈಲು ತಡವಾದದ್ದನ್ನೋ, ಎಲ್ಲಿಯೋ ಮುಷ್ಕರವಾದದ್ದನ್ನೋ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ಬಸಿ ಖಾಲಿ ಮಾಡಿ ಏಳುತ್ತಿದ್ದರು. ಒಂದು ದಿನ ಕೇಳಲಿಲ್ಲ. ಆ ವಾರವೇ ಕೆಲಸ ಬಿಟ್ಟರು.

ಇದೆಲ್ಲ ಆಗಿ ನಾಲ್ಕು ವರ್ಷ. ಇವತ್ತು ಕ್ಯಾಂಟೀನಿನಲ್ಲಿ ಎದ್ದು ನಿಂತು ಹೇಳಿದೆ: ಟೇಪು ಸರಿಯಿತ್ತು, ತಪ್ಪು ನನ್ನದು. ಮೊದಲಿನಿಂದ ಕೊನೆಯವರೆಗೆ, ಒಂದು ಅಂಶವೂ ಬಿಡದೆ. ಹೊಸಬರು ಕಣ್ಣರಳಿಸಿ ಕೇಳಿದರು. ಮುಗಿದ ಮೇಲೆ ಹಳಬರೊಬ್ಬರು ಚಪ್ಪಾಳೆ ತಟ್ಟಿ ಅವರಿಗೆ ವಿವರಿಸಿದರು: “ನೋಡಿ, ಇವ್ರು ಹೀಗೇ. ಯಾವ ಪಕ್ಷ ಕೊಟ್ರೂ ಗೆಲ್ಲಿಸ್ತಾರೆ. ದಸ್ತಗೀರನ ಪರವಾಗೂ ವಾದ ಮಾಡ್ಬಿಟ್ರು!” ಎಲ್ಲರೂ ನಕ್ಕರು. ಎಂಟನೆಯ ಕಪ್ಪು.

ಸಂಜೆ ಹೋಟೆಲಿಗೆ ಬಂದೆ. ಗಲ್ಲೆಯಲ್ಲಿ ಈಗ ಯಜಮಾನರ ಅಳಿಯ. ದಸ್ತಗೀರ್ ಎಂಬ ಹೆಸರೇ ಅವನು ಕೇಳಿಲ್ಲ. ನನ್ನ ಬಳಿ ಇರುವುದು ಧಾರಾವಿಯ ಆ ಅಟ್ಟದ ವಿಳಾಸವೊಂದೇ. ಅವರ ಅಣ್ಣನ ಮನೆ ಅಲ್ಲೇ ಇದೆಯೋ, ಆ ಅಟ್ಟದಲ್ಲಿ ಈಗ ಯಾರಿದ್ದಾರೋ, ಬಾಗಿಲು ತೆರೆದವರು ಯಾರ ಕಾಗದವೆಂದು ಓದುತ್ತಾರೋ ಗೊತ್ತಿಲ್ಲ. ಆದರೂ ಜೋಡಿ ಕಾರ್ಡಿನ ಮೇಲೆ ಅದನ್ನೇ ಬರೆದೆ.

ಕಾರ್ಡಿನಲ್ಲಿ ಮೊದಲು ಬರೆದದ್ದು: ‘ನಿಮಗೆ ಎಲ್ಲ ಗೊತ್ತಿತ್ತು, ಮತ್ತೆ ನೀವೇ ಯಾಕೆ ಹೇಳಲಿಲ್ಲ?’ ಓದಿ ನೋಡಿದರೆ ಅದರಲ್ಲೂ ವಕೀಲಿಕೆ. ತಪ್ಪನ್ನು ಮತ್ತೊಮ್ಮೆ ಅವರ ಕಡೆಗೇ ದಾಟಿಸುವ ಜಾಣತನ. ಹೊಡೆದು ಹಾಕಿದೆ. ತಪ್ಪು ನನ್ನದೆಂದು ಎರಡು ಸಾಲು ಬರೆದೆ. ಇನ್ನು ಒಂದೇ ಸಾಲಿಗೆ ಜಾಗವಿತ್ತು. ಪಕ್ಕದ ಅರ್ಧ ಖಾಲಿಯೇ ಇದೆ, ಅದು ಅವರದು.

ದಸ್ತಗೀರ್‌ಸಾಬ್ರೇ, ‘ಮತ್ತೇನು ಹೊಸಾ ಸುದ್ದಿ’ ಎಂದು ಕೇಳುತ್ತ, ನನ್ನ ಜವಾಬಿಗಾಗಿ ನೀವು ಎಷ್ಟು ಸಂಜೆ ಕಾದಿರಿ?