ಬೇಲಿಯಲ್ಲಿ ಉಳಿದ ಗಂಧದ ಮರ

ನನ್ನ ತಂದೆ ಹುಣಸೂರಿನಲ್ಲಿ ಎತ್ತಿನ ಗಾಡಿಗಳಿಗೆ ಚಕ್ರ ಮಾಡುತ್ತಿದ್ದರು. ಅಣ್ಣಂದಿರು ಅದೇ ಕೆಲಸಕ್ಕೆ ಕೂತರು. ನಾನು ಸ್ವಲ್ಪ ಓದಿದ್ದರಿಂದ ಅರಣ್ಯ ಇಲಾಖೆಗೆ ಸೇರಿ ಫಾರೆಸ್ಟರ್ ಆದೆ. ಪಿರಿಯಾಪಟ್ಟಣದಿಂದ ಕೊಡಗಿನ ಗಡಿಯವರೆಗಿನ ಗಂಧದ ಮರಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನೋಡಿಕೊಳ್ಳುವುದೆಂದರೆ ಆಗ ಹೆಚ್ಚಾಗಿ ಕಡಿಸುವುದೇ ಆಗಿತ್ತು.

ಗಂಧಕ್ಕೆ ರೋಗ ಬಿದ್ದಿತ್ತು. ಇಲಾಖೆಯವರು ಅದನ್ನು ಸ್ಪೈಕ್ ಎನ್ನುತ್ತಿದ್ದರು. ರೋಗ ತಗುಲಿದ ಮರದ ಎಲೆಗಳು ವರ್ಷ ವರ್ಷಕ್ಕೂ ಸಣ್ಣವಾಗುತ್ತ, ಕೊನೆಗೆ ಕಡ್ಡಿಯ ಮೇಲೆ ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತಿದ್ದವು. ಹೂ ಕಟ್ಟುತ್ತಿರಲಿಲ್ಲ. ಆಮೇಲೆ ಮರ ಸಾಯುತ್ತಿತ್ತು. ಮದ್ದು ಯಾರಿಗೂ ತಿಳಿದಿರಲಿಲ್ಲ. ರೋಗ ಕಂಡ ಕಡೆ ಸುತ್ತಮುತ್ತಲಿನ ಚೆನ್ನಾಗಿರುವ ಮರಗಳನ್ನೂ ಸೇರಿಸಿ ತೆಗೆಸಿಬಿಡಿ ಎಂಬ ಆಜ್ಞೆ ಬಂದಿತ್ತು. ನಾನು ಆಳುಗಳನ್ನು ಕರೆದುಕೊಂಡು ಹೋಗಿ ತೆಗೆಸುತ್ತಿದ್ದೆ. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ ಅದೂ ಒಂದು ಕೆಲಸವಾಯಿತು.

ಪಿರಿಯಾಪಟ್ಟಣದಾಚೆ ಒಂದು ಹಳ್ಳಿಯಲ್ಲಿ, ಗಂಡ ತೀರಿಕೊಂಡ ಮೇಲೆ ಬೇಸಾಯವನ್ನು ತಾವೇ ನಡೆಸುತ್ತಿದ್ದ ಹೆಂಗಸೊಬ್ಬರಿದ್ದರು. ಅವರ ರಾಗಿ ಹೊಲದ ಬೇಲಿಯ ಉದ್ದಕ್ಕೂ ಗಂಧ ಬೆಳೆದಿತ್ತು. ಯಾರೂ ನೆಟ್ಟದ್ದಲ್ಲ. ಹಕ್ಕಿಗಳು ಹಣ್ಣು ತಿಂದು ಹಾಕಿದ ಬೀಜದಿಂದ ತಾವಾಗಿ ಎದ್ದವು. ನಾನು ಹೋದಾಗ ಎಲ್ಲಕ್ಕೂ ರೋಗ ಹಿಡಿದಿತ್ತು, ಒಂದನ್ನು ಬಿಟ್ಟು. ಎರಡು ಕಡೆಯ ಮರಗಳೂ ಒಣಗಿ ನಿಂತಿದ್ದರೆ ನಡುವೆ ಅದು ಅಗಲವಾದ ಎಲೆ ಬಿಟ್ಟುಕೊಂಡು ಹಣ್ಣಿನ ಗೊಂಚಲು ಹೊತ್ತಿತ್ತು. ಹಿಂದೆ ಆ ಕಡೆ ಹೋದಾಗ ನೋಡಿದ್ದರಿಂದ, ಅಕ್ಕಪಕ್ಕದವುಗಳ ಎಲೆ ಆರೋಗ್ಯವಾಗಿದ್ದಾಗಲೂ ಬೇವಿನಂತೆ ಕಿರಿದಾಗಿತ್ತೆಂದು ನನಗೆ ನೆನಪಿತ್ತು. ಹಾಗಾದರೆ ಈ ಅಗಲ ಎಲೆಯ ಜಾತಿಗೆ ರೋಗ ತಟ್ಟುವುದಿಲ್ಲವೇನೋ ಎಂದುಕೊಂಡೆ. ಕೊಡಲಿ ಎತ್ತಿದ್ದ ಆಳನ್ನು ತಡೆದೆ.

"ಇದೊಂದು ಇರಲಿ ಬುಡಮ್ಮ," ಅಂದೆ.

ಆಕೆ ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ. ಅವರು ಕುಡುಗೋಲನ್ನು ಕೆಳಗಿಟ್ಟರು.

"ಯಾಕಿರಬೇಕು ಸಾಬ್ರೇ? ನನ್ನ ಹೊಲದಾಗಿದ್ರೂ ಮರ ಸರ್ಕಾರದ್ದು. ಒಂದು ಕೊಂಬೆ ಮುರಿದ್ರೂ ನಿಮ್ಮೋರು ಬಂದು ನನ್ನೇ ಕೇಳ್ತಾರೆ. ಕಳ್ಳರು ಕುಯ್ಕೊಂಡೋದ್ರೂ ನನ್ನೇ ಕೇಳ್ತಾರೆ. ರೋಗ ಬಂದದ್ದು ಒಳ್ಳೇದಾಯ್ತು ಅಂತ ನಾನಿದ್ರೆ, ನೀವು ಒಂದ ಉಳ್ಸಿ ಓಯ್ತೀನಿ ಅಂತೀರಲ್ಲ."

ಅವರು ಹೇಳಿದ್ದು ನಿಜ. ಗಂಧವನ್ನು ತನ್ನ ಹೊಲದಲ್ಲಿ ಬಯಸುವ ರೈತನನ್ನು ನಾನು ಕಂಡಿರಲಿಲ್ಲ. ಮೊಳಕೆಯಲ್ಲೇ ಕಿತ್ತು ಹಾಕುವವರು ಬಹಳ ಜನ.

ನಾನು ಹುಣಸೂರಿಗೆ ಹೋಗಿ ಮೇಲಧಿಕಾರಿಗೆ ವಿಷಯ ತಿಳಿಸಿದೆ. ಅವರು ಮೈಸೂರಿನವರು, ಆತುರದ ಮನುಷ್ಯರಲ್ಲ. "ಅದಕ್ಕಿನ್ನೂ ರೋಗ ತಲುಪಿಲ್ಲದೆ ಇರಬಹುದು. ಅಷ್ಟಕ್ಕೇ ತಡೆದುಕೊಂಡಿದೆ ಅನ್ನೋಕಾಗಲ್ಲ," ಎಂದರು. ರೋಗದ ಮರದ ಚಿಗುರನ್ನು ತಂದು ಅದಕ್ಕೆ ಕಸಿ ಕಟ್ಟಿ, ರೋಗ ದಾಟುತ್ತದೆಯೇ ನೋಡೋಣವೆಂದರು. ಕಟ್ಟಿದೆವು. ಮುಂದಿನ ಮಳೆಗಾಲದ ಹೊತ್ತಿಗೆ ಕಸಿಯ ಕಡ್ಡಿಗಳು ಒಣಗಿ ಬಿದ್ದವು. ಮರ ಹಾಗೆಯೇ ಇತ್ತು. ಆಗ ಅವರು, ಮರ ಇರಲಿ, ಬೀಜ ತೆಗೆಯಿರಿ, ಅದನ್ನು ಕಾಯುವ ಹೊಣೆ ಮಾತ್ರ ಆ ಹೆಂಗಸಿನ ಮೇಲೆ ಹಾಕಬೇಡಿ ಎಂದರು. ಗಾರ್ಡು ವಾರಕ್ಕೊಮ್ಮೆ ಹೋಗಿ ನೋಡಿಬರುವ ಏರ್ಪಾಡಾಯಿತು. ಆಕೆ ಒಪ್ಪಿದರು. ಆದರೆ ಗಾರ್ಡು ಬಂದಾಗಲೆಲ್ಲ, "ನಿನ್ನ ಮರ ಐತೆ, ನೋಡ್ಕ ಓಗಪ್ಪ" ಎನ್ನುತ್ತಿದ್ದರಂತೆ.

ಕಪ್ಪಾದ ಹಣ್ಣುಗಳನ್ನು ಆರಿಸಿ ತಂದು, ಹುಣಸೂರಿನ ಹತ್ತಿರ ನೆರಳು ಕಟ್ಟಿ ಪಾತಿಯಲ್ಲಿ ಬಿತ್ತಿದೆವು. ಗಂಧದ ಸಸಿ ತಾನೊಂದೇ ಬಾಳುವುದಿಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಹೊಂದಿಸಿ ಅದರಿಂದ ಹೀರಿಕೊಳ್ಳಬೇಕು. ಅದಕ್ಕೆಂದು ಒಂದೊಂದು ಬಿದಿರು ಬುಟ್ಟಿಯಲ್ಲೂ ಸಸಿಯ ಜೊತೆಗೆ ತೊಗರಿ ಹಾಕಿದೆವು. ಸಸಿಗಳು ಬೆಳೆದಂತೆ ನನಗೆ ಸೋಜಿಗವಾಯಿತು. ಎಲ್ಲವೂ ಒಂದೇ ಮರದ ಹಣ್ಣಿನವು. ಆದರೂ ಕೆಲವು ತಾಯಿಯಂತೆ ಅಗಲ ಎಲೆ ಬಿಟ್ಟವು, ಕೆಲವು ಕಿರಿದಾದವು, ಕೆಲವಕ್ಕೆ ತುದಿ ಚೂಪಾಗಿತ್ತು. ಒಂದು ಮೊಣಕಾಲುದ್ದ ಬೆಳೆದಾಗ ಅದರ ಪಕ್ಕದ್ದು ಗೇಣೂ ಆಗಿರಲಿಲ್ಲ.

ಮೇಲಧಿಕಾರಿ ಬುಟ್ಟಿಗಳ ನಡುವೆ ನಡೆದು ನೋಡಿದರು. "ತಾಯಿ ಯಾವುದು ಅಂತ ನಮಗೆ ಗೊತ್ತು. ಹೂವಿಗೆ ನೊಣ ಎಲ್ಲಿಂದ ಪರಾಗ ತಂದಿತು ಅನ್ನೋದು ಯಾರಿಗೆ ಗೊತ್ತು?" ಎಂದರು.

ಕಿರಿದೆಲೆಯ ಸಸಿಗಳನ್ನು ಬಿಸಾಡಿಬಿಡೋಣವೇ ಎಂದು ನಾನು ಕೇಳಿದೆ. ಬೇಡ, ಎಲ್ಲವನ್ನೂ ನೆಡಿಸಿ ಎಂದರು. ನನಗದು ಸರಿ ಕಾಣಲಿಲ್ಲ. ಆದರೂ ಅಲ್ಲೇ ಹತ್ತಿರ ಒಂದು ತೋಪಾಗಿ ನೆಡಿಸಿದೆ.

ಸಸಿಗಳು ಆಳೆತ್ತರ ದಾಟಿದ ಮೇಲೆ ರೋಗ ಆ ತೋಪಿಗೂ ಬಂತು. ಬಹಳಷ್ಟು ಸತ್ತವು. ಸತ್ತವುಗಳಲ್ಲಿ ನಾನು ನಂಬಿಕೊಂಡಿದ್ದ ಅಗಲ ಎಲೆಯವು ಎಷ್ಟೋ ಇದ್ದವು. ಉಳಿದವುಗಳಲ್ಲಿ ಅಗಲದವೂ ಇದ್ದವು, ಬೇವಿನಂಥ ಎಲೆಯವೂ ಇದ್ದವು. ತಡೆಯುವ ಗುಣ ಎಲ್ಲಿತ್ತೋ, ಎಲೆಯಲ್ಲಂತೂ ಇರಲಿಲ್ಲ. ಇಷ್ಟು ವರ್ಷ ಎಲೆ ನೋಡಿಕೊಂಡು ತಿರುಗಿದೆನಲ್ಲ ಎಂದು ಸ್ವಲ್ಪ ಬೇಸರವಾಯಿತು. ಕಾಡಿನಲ್ಲಿ ಸಾವಿರ ಮರ ನಿಂತರೆ ಅವು ಒಂದೇ ಮರದ ಸಾವಿರ ಪಾಲಲ್ಲ ಎಂಬುದು ಮಾತ್ರ ಅಲ್ಲಿಂದ ಮುಂದೆ ನನಗೆ ಮರೆಯಲಿಲ್ಲ.

ಅದೇ ವರ್ಷ ಬೇಲಿಯ ಮರವನ್ನು ಕಳ್ಳರು ಕುಯ್ದುಕೊಂಡು ಹೋದರು. ಸುದ್ದಿ ತಂದವರು ಆ ಹೆಂಗಸೇ. ಸಂತೆಗೆ ಬಂದವರು ದಾರಿಯಲ್ಲಿ ನನ್ನನ್ನು ವಿಚಾರಿಸಿಕೊಂಡು ತೋಪಿಗೆ ಬಂದರು. ಗಾರ್ಡು ತಮ್ಮ ಮೇಲೆ ಹೇಳುವ ಮೊದಲೇ ಹೇಳಿಬಿಡಬೇಕೆಂದು ಬಂದಿದ್ದರು. ಯಾರೂ ನಿಮ್ಮನ್ನು ಕೇಳುವುದಿಲ್ಲವೆಂದು ನಾನು ಧೈರ್ಯ ಹೇಳಿದೆ. ಹಾಗೆಯೇ ಯಾರೂ ಕೇಳಲಿಲ್ಲ.

ಆಕೆ ಸ್ವಲ್ಪ ಹೊತ್ತು ನಿಂತು ಗಿಡಗಳನ್ನು ನೋಡಿದರು.

"ಇದ್ರಾಗೆ ನಮ್ಮ ಮರದ್ದು ಯಾವುದು?"

"ಎಲ್ಲಾ ನಿಮ್ಮ ಮರದ್ದೇ ಕಣಮ್ಮ."

ಅವರು ಹತ್ತಿರದ ಗಿಡವೊಂದರ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ಅದು ಕಿರಿದಾದದ್ದು.

"ಇಲ್ಲ ಬುಡಿ ಸಾಬ್ರೇ. ಅದ್ರ ಎಲೆ ಇಂಗಿರ್ಲಿಲ್ಲ. ನಿಮ್ಮೋರು ಯಾರೋ ಬೀಜ ಬೆರ್ಸವ್ರೆ."

ನಾನು ನೊಣದ ವಿಷಯ, ಪರಾಗದ ವಿಷಯ ಹೇಳಿದೆ. ಕೇಳಿಸಿಕೊಂಡರು, ನಂಬಲಿಲ್ಲ. ಸಂತೆಗೆ ಹೊತ್ತಾಗುತ್ತದೆಂದು ಹೊರಟರು. ಮುಂದಿನ ಬೇಸಿಗೆಯಲ್ಲಿ ನನಗೆ ಹೆಗ್ಗಡದೇವನಕೋಟೆಗೆ ವರ್ಗವಾಯಿತು. ತೋಪಿನಲ್ಲಿ ಉಳಿದಿದ್ದ ಮರಗಳು ಆಗ ಹೂ ಬಿಟ್ಟಿದ್ದವು.