ಕಾಗದಕ್ಕೆ ಹೆಡೆ ಬಂದ ಬೆಳಗು

“ನಿನ್ನೆ ಇದು ಹೀಗೆ ಇರ್ಲಿಲ್ಲ ಅಲ್ವಾ?”

ಚಾವಡಿಯ ದೀಪ ಹಾಕಿದ ಕುಂಞ ಹೊಸ್ತಿಲಲ್ಲೇ ನಿಂತು ಕೇಳುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಒಲೆಯ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದ ಹೆಂಡತಿ ದಮಯಂತಿ ಸೌಟು ಹಿಡಿದುಕೊಂಡೇ ಬರುತ್ತಾರೆ. ಚಾಪೆಯ ಮೇಲೆ ಒಂದು ಒಣ ಕೊಂಬೆ. ಅದರ ತುಂಬ ಕಾಗದದ ಎಲೆ, ಜೋಡಿ ಗಿಳಿ, ಮತ್ತೆ ನಿನ್ನೆ ಸಂಜೆ ಸುತ್ತಿ ಒಣಗಲು ಬಿಟ್ಟ ಹಸಿರು ಹಾವು. ಸಂಜೆ ಅದರ ಕುತ್ತಿಗೆ ಬೆರಳಿನಷ್ಟು ಸಪೂರ ಇತ್ತು. ಈಗ ಎರಡೂ ಬದಿಗೆ ಅಗಲವಾಗಿ ಬಿಚ್ಚಿಕೊಂಡಿದೆ.

“ಹೆಡೆ,” ಎನ್ನುತ್ತಾರೆ ಕುಂಞ.

“ಮೆಲ್ಲ ಮಾತಾಡಿ ಮಾರಾಯ್ರೆ!”

ಯಾರಿಗೆ ಕೇಳಬಾರದು ಎಂದು ಈ ಎಚ್ಚರಿಕೆ? ಚಾವಡಿಯಲ್ಲಿ ಇರುವುದು ಅವರಿಬ್ಬರೇ.

ವರ್ಕಾಡಿಯ ದಮಯಂತಿ ಅವರನ್ನು ಸುತ್ತಲಿನವರು ‘ಹೂವಿನಕ್ಕ’ ಎಂದೇ ಕರೆಯುತ್ತಾರೆ. ಆದರೆ ಅವರ ಹೂಬಳ್ಳಿ ತೂಗುವ ಮನೆಗಳವರಿಗೆ ಅವರ ಹೆಸರು ಗೊತ್ತಿರುವುದು ಕಡಿಮೆ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟಿದವರು. ಕೆಮ್ಮು ಹಿಡಿದು ಆ ಕೆಲಸ ಬಿಟ್ಟ ಮೇಲೆ ಕುಟುಂಬಶ್ರೀ ಮಹಿಳಾ ಸಂಘದ ತರಬೇತಿಯಲ್ಲಿ ಕಾಗದದ ಗುಲಾಬಿ ಕಲಿತರು. ಉಳಿದದ್ದೆಲ್ಲ ಗಿಡ ನೋಡಿ, ಹಕ್ಕಿ ನೋಡಿ ತಾವೇ ಕಲಿತದ್ದು. ಬೀಡಿ ಎಲೆ ಕತ್ತರಿಸಿ ಪಳಗಿದ ಬೆರಳು ಕಾಗದಕ್ಕೂ ಒಗ್ಗಿತು. ಬೀಡಿಗೆಂದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ ತಡ್ಪೆಯಲ್ಲೇ, ಆ ಹಳೆಯ ಮೊರದಲ್ಲೇ, ಈಗ ಎಸಳುಗಳು ರಾಶಿ ಬೀಳುತ್ತವೆ. ಒಣ ಕೊಂಬೆ ರಬ್ಬರ್ ತೋಟದ್ದು, ಒಳಗಿನ ಮೈ ಹಳೆ ಪೇಪರು. ಜಿರಳೆ ತಿನ್ನದ ಹಾಗೆ ಅಂಟಿಗೆ ಚಿಟಿಕೆ ಮೈಲುತುತ್ತು. ಕಟ್ಟಿಕೊಟ್ಟದ್ದನ್ನು ಕುಂಞ ತಮ್ಮ ಬಾಡಿಗೆ ಜೀಪಿನಲ್ಲಿ ತಲುಪಿಸುತ್ತಾರೆ.

ಈ ಕೊಂಬೆ ಪುರಂದರ ಎಂಬವರ ಹೊಸ ಮನೆಗೆ. ದುಬಾಯಿಯಲ್ಲಿ ಎಲ್ಲೋ ನೋಡಿದ್ದರಂತೆ, ಗೋಡೆಯ ಕೊಂಬೆಗೆ ಒಂದು ಹಸಿರು ಹಾವೂ ಬೇಕು ಅಂದರು. ದಮಯಂತಿ ಮೊದಲು ಒಪ್ಪಿರಲಿಲ್ಲ.

“ಹಸಿರು ಹಾವು ಬಳ್ಳಿಯ ಹಾಗೆ ಅಲ್ವಾ, ಅದರಲ್ಲಿ ಎಂತ ಉಂಟು ಅಂತ ಧೈರ್ಯ ಮಾಡಿದೆ,” ಎಂದು ಈಗ ಗೋಡೆಗೆ ಒರಗಿ ಹೇಳುತ್ತಾರೆ. “ಹೆಡೆ ನಾನು ಮಾಡ್ಲಿಲ್ಲ. ದೇವರಾಣೆ ಮಾಡ್ಲಿಲ್ಲ.”

ಅಂಟು ಹೆಚ್ಚಾದರೆ ಒಣಗುವಾಗ ಪದರಗಳು ಬಾಯಿ ಬಿಡುವುದುಂಟು. ಅದು ಅವರಿಗೆ ಗೊತ್ತು. ಗೊತ್ತಿದ್ದೂ ಹತ್ತಿರ ಹೋಗುವುದಿಲ್ಲ. ಸತ್ತ ನಾಗರಹಾವು ಕಂಡರೆ ಮನುಷ್ಯರಿಗೆ ಮಾಡುವ ಹಾಗೆಯೇ ಸಂಸ್ಕಾರ ಮಾಡುವ ಊರು ಇದು. ಹೆಡೆಯ ಮೇಲೆ ಕತ್ತರಿ ಇಡುವುದು ಹೇಗೆ? ಒಲೆಗೆ ಹಾಕುವುದು ಹೇಗೆ?

“ಜೀಪಿನಿಂದ ಇಕ್ಕಳ ತರ್ಲಾ?” ಕುಂಞ ಕೇಳುತ್ತಾರೆ.

“ಬಾಯಿ ಮುಚ್ಚಿ ನೀವು!”

ಕುಂಞ ಬಾಗಿಲಲ್ಲೇ ನಿಂತು ಫೋಟೊ ತೆಗೆದು ಕಳಿಸುತ್ತಾರೆ. ಕೂಡಲೇ ಪುರಂದರರ ಫೋನು.

“ಹೆಡೆ ಇದ್ರೆ ಇನ್ನೂ ಲಾಯ್ಕ ಅಕ್ಕಾ! ಇರ್ಲಿ, ಇರ್ಲಿ. ಕಾಗದದ್ದಲ್ವಾ?”

ದಮಯಂತಿ ಗಂಡನ ಕೈಯಲ್ಲಿದ್ದ ಫೋನಿನತ್ತ ಬಾಗುತ್ತಾರೆ. ತಾವು ಮಾಡಿದ ಗಿಳಿಗಳು ಬಣ್ಣ ಮಾಸಿ, ಯಾರದೋ ಹಿತ್ತಲಿನ ತರಗೆಲೆಯ ಜೊತೆ ಉರಿಯುವುದನ್ನು ಅವರು ಕಣ್ಣಾರೆ ಕಂಡವರು.

“ಪೇಪರು ತುಂಬ ಮಳೆಗಾಲ ತಾಳುದಿಲ್ಲ ಸಾರ್. ಹಳತಾದ ಮೇಲೆ ಇದನ್ನು ಎಲ್ಲಿ ಬಿಸಾಡ್ತೀರಿ?”

ಕಟ್ಟಾಯಿತೋ ಎಂದು ಕುಂಞ ಫೋನು ನೋಡುತ್ತಾರೆ.

“ಅಕ್ಕಾ,” ಸ್ವರ ಈಗ ಸಣ್ಣದಾಗಿದೆ. “ಹಾವೇ ಬೇಡ. ಹೇಗಾದ್ರೂ ತೆಗೀರಿ ಅದನ್ನು.”

ದಮಯಂತಿ ಕೈಕಾಲು ತೊಳೆದು ಬರುತ್ತಾರೆ. ಬೋಗುಣಿಯಲ್ಲಿ ಬಾವಿಯ ನೀರು. ಕೊಂಬೆಯ ತುದಿಯನ್ನು ಅದರ ಮೇಲೆ ಬಾಗಿಸಿ, ಬೆರಳು ಅದ್ದಿ ಅದ್ದಿ ಹೆಡೆಯನ್ನು ಒದ್ದೆ ಮಾಡುತ್ತಾರೆ. ತುಟಿ ಅಲುಗುತ್ತಿದೆ. ಏನು ಹೇಳುತ್ತಿದ್ದಾರೆ ಎಂದು ಗಂಡ ಕೇಳುವುದಿಲ್ಲ. ಮೊದಲ ಸಲ ಮುಟ್ಟಿದಾಗ ಒದ್ದೆ ಕಾಗದ ಕುಸಿದು ಸರಿಯುತ್ತದೆ. ಇಬ್ಬರೂ ಹಿಂದೆ ಹಾರುತ್ತಾರೆ. ಆಮೇಲೆ ಮತ್ತೆ ನೀರು, ಮತ್ತೆ ಬೆರಳು. ಪದರಗಳು ಮೆತ್ತಗಾಗಿ, ಬೀಡಿ ಸುರುಟುವ ಹಾಗೆ ಹೆಬ್ಬೆರಳ ಕೆಳಗೆ ಮುದುಡಿ, ಕುತ್ತಿಗೆ ಸಪೂರವಾಗುತ್ತದೆ. ತಲೆ ಮೊಗ್ಗಾಗುತ್ತದೆ. ಮೈಯುದ್ದಕ್ಕೂ ಅವರು ಎಲೆಗಳನ್ನು ಒತ್ತಾಗಿ ಅಂಟಿಸುತ್ತ ಹೋಗುತ್ತಾರೆ, ಹಸಿರು ಮೈ ಎಲ್ಲೂ ಕಾಣದ ಹಾಗೆ.

“ಈಗ ಎಂತ ಇದು?”

“ಬಳ್ಳಿ.”

“ಹಾವು ಚಂದ ಇತ್ತು, ಸತ್ಯ ಹೇಳ್ಬೇಕಾದ್ರೆ,” ಎನ್ನುತ್ತಾರೆ ಕುಂಞ, ಈಗ ಧೈರ್ಯ ಬಂದು. “ಜನ ವರ್ಷಗಟ್ಟಲೆ ನೋಡ್ತಿದ್ರು.”

“ನೋಡುದು ಬೇಡ. ನಾನು ಮಾಡಿದ್ದನ್ನು ಹಳತಾದಾಗ ಜನ ಹೆದರದೆ ಬಿಸಾಡುವ ಹಾಗೆ ಇರ್ಬೇಕು. ನನಗೆ ಅಷ್ಟು ಸಾಕು.”

ಜೀಪು ಹೊರಟುಹೋಗುತ್ತದೆ. ಅಂಟು ತೊಳೆದ ನೀರನ್ನು ದಿನಾ ಜಗಲಿಯಿಂದಲೇ ಅಂಗಳಕ್ಕೆ ಚೆಲ್ಲುವ ದಮಯಂತಿ, ಇವತ್ತು ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿನ ತುದಿಯ ಹಲಸಿನ ಮರದವರೆಗೆ ನಡೆಯುತ್ತಾರೆ. ತುಸು ಹಸಿರಾದ ಆ ನೀರನ್ನು ಸದ್ದಾಗದಂತೆ ಬುಡಕ್ಕೆ ಬಗ್ಗಿಸುತ್ತಾರೆ. ಆಮೇಲೆ ಮರಕ್ಕೆ ಬೆನ್ನು ಹಾಕದೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಮನೆಗೆ ಬರುತ್ತಾರೆ.